ಶೇಕಡಾ ಮೂವತ್ತೇಳು

ಹತ್ತನೇ ತರಗತಿಯ ಹುಡುಗಿ ಶಾಲೆಯಿಂದ ಬಂದು ಮೆಟ್ಟಿಲು ಹತ್ತುವಾಗ, ಲಸಿಕೆಯ ಪೆಟ್ಟಿಗೆ ಹಿಡಿದ ನರ್ಸಮ್ಮ ಇಳಿದು ಬರುತ್ತಿದ್ದರು.

"ನಿಮ್ಮ ಮನೇಲೂ ಬೇಡ ಅಂದ್ರು ಕಣಮ್ಮ. ಈ ಕಟ್ಟಡದಲ್ಲೇ ಮೂರನೇ ಮನೆ." ಕಂಬಿ ಹಿಡಿದು ಉಸಿರುಬಿಟ್ಟರು. "ದಡಾರದ ಲಸಿಕೆ ಹಾಕಿಸಿದ್ರೆ ನೂರಕ್ಕೆ ಮೂವತ್ತೇಳು ಮಕ್ಕಳಿಗೆ ಫಿಟ್ಸ್ ಬರುತ್ತಂತೆ. ಇಪ್ಪತ್ತು ವರ್ಷದಿಂದ ಚುಚ್ತಾ ಇದೀನಿ, ನನಗೇ ಗೊತ್ತಿಲ್ಲದ ಲೆಕ್ಕ!"

ಹುಡುಗಿ ನರ್ಸಮ್ಮನನ್ನು ದಾಟಿ ದಡದಡ ಮೆಟ್ಟಿಲು ಹತ್ತಿದಳು.

ನಿನ್ನೆ ಶಾಲೆಯಲ್ಲಿ ಚರ್ಚಾಸ್ಪರ್ಧೆ. ಲಸಿಕೆ ಕಡ್ಡಾಯವಾಗಬೇಕೇ? ಚೀಟಿ ಎತ್ತಿದಾಗ ಅವಳ ಪಾಲಿಗೆ 'ಬೇಡ' ಬಂದಿತ್ತು. 'ಬೇಕು' ಬಂದದ್ದು ಕ್ಲಾಸೆಲ್ಲ ಸೋಡಾಬುಡ್ಡಿ ಎಂದು ಕರೆಯುವ ಕನ್ನಡಕದ ಹುಡುಗಿಗೆ. ಸೋಡಾಬುಡ್ಡಿ ಆಸ್ಪತ್ರೆಗೇ ಹೋಗಿ ಕೇಳಿ ಬರೆದುಕೊಂಡು ಬಂದಿದ್ದಳು: ಕಳೆದ ವರ್ಷ ಇನ್ನೂರ ಹನ್ನೆರಡು ಮಕ್ಕಳಿಗೆ ಚುಚ್ಚಿದ್ದಾರೆ, ಹತ್ತೊಂಬತ್ತು ಮಕ್ಕಳಿಗೆ ಜ್ವರ ಬಂದು ಇಳಿದಿದೆ, ಫಿಟ್ಸ್ ಒಬ್ಬರಿಗೂ ಬಂದಿಲ್ಲ. ಓದುವಾಗ ತಡವರಿಸಿದಳು. ಸಭೆ ಆಕಳಿಸಿತು. ಇವಳು ಮಾತ್ರ ಮೈಕಿನ ಮುಂದೆ ಎದೆಯುಬ್ಬಿಸಿ ನಿಂತು "ಶೇಕಡಾ ಮೂವತ್ತೇಳು!" ಎಂದಳು. ಎಲ್ಲಿಂದ ತಂದೆ ಎಂದು ಯಾರೂ ಕೇಳಲಿಲ್ಲ. "ಅಂಕಿಅಂಶ ಇಟ್ಟುಕೊಂಡು ಮಾತಾಡಿದಳು" ಎಂದು ತೀರ್ಪುಗಾರರು ಹೊಗಳಿ ಮೊದಲ ಬಹುಮಾನದ ಕಪ್ಪು ಕೊಟ್ಟರು. ಮುಂದಿನ ಸಾಲಿನಲ್ಲಿದ್ದ ಅಕ್ಕ ಕೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟಿದ್ದಳು.

ಒಳಗೆ ಅಕ್ಕ ಒಂಬತ್ತು ತಿಂಗಳ ಮಗುವನ್ನು ಭುಜಕ್ಕೆ ಹಾಕಿಕೊಂಡು ಬೆನ್ನು ತಟ್ಟುತ್ತಿದ್ದಳು.

"ಲಸಿಕೆ ಹಾಕಿಸು ಅಕ್ಕ. ಸೋಡಾಬುಡ್ಡಿ ಹೇಳಿದ್ದೇ ನಿಜ."

"ಹೋಗೇ! ನಿಜ ಆಗಿದ್ರೆ ಕಪ್ಪು ಅವಳಿಗೆ ಕೊಡ್ತಿರಲಿಲ್ವಾ?"

"ಆ ಲೆಕ್ಕ ನಾನೇ ಕಟ್ಟಿದ್ದು. ಮೂವತ್ತೇಳು ನಾನು ದಿನಾ ಹೋಗೋ ಬಸ್ಸಿನ ನಂಬರು. ಬಾಯಿಗೆ ಅದೇ ಬಂತು."

ತಟ್ಟುತ್ತಿದ್ದ ಕೈ ನಿಂತಿತು. ಅಕ್ಕ ತಂಗಿಯನ್ನು ಗುರುತೇ ಇಲ್ಲದವರಂತೆ ನೋಡಿದಳು.

"ಬಸ್ಸಿನ ನಂಬರಾ?... ಅಷ್ಟೊಂದು ಓದ್ತೀಯ, ತಿಳ್ಕೊಂಡೇ ಹೇಳಿರ್ತೀಯ ಅಂದ್ಕೊಂಡೆ. ಎದುರುಮನೆಗೂ ಕೆಳಗಿನ ಮನೆಗೂ ನಾನೇ ಹೋಗಿ ಹೇಳಿ ಬಂದೆನಲ್ಲೇ! ಆ ಕೂಸುಗಳಿಗೆ ದಡಾರ ಬಂದ್ರೆ?"

ಟೀವಿಯ ಮೇಲೆ ಕಪ್ಪು ಹೊಳೆಯುತ್ತಿತ್ತು. ಹುಡುಗಿ ಬಾಗಿಲಿಗೆ ಓಡಿದಳು. ಎರಡೆರಡು ಮೆಟ್ಟಿಲು ಹಾರಿ ಇಳಿದಳು.

"ಸಿಸ್ಟರ್, ಹೋಗಬೇಡಿ! ಒಂದೇ ನಿಮಿಷ!"

ಗೇಟಿನ ಬಳಿ ನರ್ಸಮ್ಮ ತಿರುಗಿ ನೋಡುವಷ್ಟರಲ್ಲಿ ಅವಳು ಕೆಳಗಿನ ಮನೆಯ ಬೆಲ್ ಒತ್ತಿಯಾಗಿತ್ತು. ಮಗುವನ್ನು ಸೊಂಟದಲ್ಲಿಟ್ಟುಕೊಂಡ ಹೆಂಗಸು ಬಾಗಿಲು ತೆಗೆದಳು.

"ಓಹೋ, ಕಪ್ಪು ಗೆದ್ದೋಳು! ಬಾಮ್ಮ, ಒಳಗೆ ಬಾ."

"ಆಂಟಿ, ನಿನ್ನೆ ನಾನು ಹೇಳಿದ್ದು ಸುಳ್ಳು."

ಆಂಟಿಯ ಮುಖದ ನಗು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು.