ನೀರಿಗಿಳಿಯುವ ಸರದಿ

ಬೆಟ್ಟಗಳ ನಡುವೆ ಒಂದು ಸರೋವರವಿತ್ತು. ಅದರ ದಡದಲ್ಲೇ ಹಕ್ಕಿಗಳ ಊರು. ಬೆಳಗಿನ ಮಂಜು ಹಾಲಿನಂತೆ ತುಂಬಿಕೊಂಡಾಗ ಆಕಾಶದಿಂದ ಇಳಿಯಲು ಉಳಿಯುತ್ತಿದ್ದದ್ದು ಒಂದೇ ಕಿರುದಾರಿ. ಮಂಜಿನಿಂದ ತಲೆಯೆತ್ತಿದ ಬಂಡೆಯ ಮೇಲೆ ಮುದಿ ಕೊಕ್ಕರೆಯೊಂದು ಕೂತು, ಸೂರ್ಯನಿಗೆ ತಲೆಬಾಗಿ, ಒಂದೊಂದೇ ಹಕ್ಕಿಯನ್ನು ಕರೆದು ಇಳಿಸುತ್ತಿತ್ತು. ಮಿಕ್ಕವು ಮೇಲೆ ಮಾಲೆಯಂತೆ ಸುತ್ತುತ್ತಿದ್ದವು.

ಅಲ್ಲೊಂದು ಕಟ್ಟಳೆ. ಕಾಯಿಲೆಯವರನ್ನೋ ಮದ್ದನ್ನೋ ಹೊತ್ತು ಬಂದವರು “ಜೀವ” ಎಂದು ಮೂರು ಸಲ ಕೂಗಿದರೆ ಸರದಿ ಕಾಯದೆ ಇಳಿಯಬಹುದು. ಕೊಕ್ಕರೆ ಎರಡೇ ಮಾತು ಕೇಳುತ್ತಿತ್ತು: ಎಷ್ಟು ಜೀವ, ರೆಕ್ಕೆಯಲ್ಲಿ ಇನ್ನೆಷ್ಟು ಹೊತ್ತಿನ ಕಸುವು? ಯಾರು ಎಂದು ಕೇಳುತ್ತಿರಲಿಲ್ಲ. ಆ ಕೂಗನ್ನು ಅನುಮಾನಿಸುವುದು ಪಾಪವೆಂದೇ ಅದು ನಂಬಿತ್ತು.

ಊರಿನ ಹದ್ದಿಗೆ ಸುತ್ತುವುದೆಂದರೆ ಬೇಸರ. ಒಂದು ದಿನ ಅದೂ ಮೂರು ಸಲ ಕೂಗಿತು.

“ಎಷ್ಟು ಜೀವ, ಧಣಿ?”

“ಒಂದೇ. ನನ್ನದು. ಹಸಿದಿದೆ.”

ಕೊಕ್ಕರೆ ತಲೆ ತಗ್ಗಿಸಿ ದಾರಿ ಬಿಟ್ಟಿತು. ಮರುದಿನ ಗಿಳಿ ಕೂಗಿತು, ಆಮೇಲೆ ಬಾತು. ತಿಂಗಳು ತುಂಬುವುದರೊಳಗೆ ಆಕಾಶದ ತುಂಬ ಅದೊಂದೇ ಮಾತು.

ಹೀಗಿರಲು ಒಂದು ಬೆಳಿಗ್ಗೆ ಹದ್ದು ಗೂಡಿನಿಂದೆದ್ದು ಬಂಡೆಗೆ ಬಂತು.

“ಅಜ್ಜಾ, ಮರಿಗೆ ಹಾವು ಕಚ್ಚಿದೆ. ಬೇರು ತರಲು ವೈದ್ಯರು ಯಾರನ್ನೋ ಬೆಟ್ಟದಾಚೆ ಕಳಿಸಿದ್ದಾರಂತೆ. ಅವರನ್ನು ಮೊದಲು ಇಳಿಸು.”

“ಯಾರನ್ನು, ಧಣಿ? ನೂರು ಜನ ಕೂಗುತ್ತಿದ್ದಾರೆ.”

“ನಿಜ ಯಾವುದೆಂದು ನಿನಗೆ ಗೊತ್ತಾಗುವುದಿಲ್ಲವೆ?”

“ಮೊದಲು ಗೊತ್ತಾಗುತ್ತಿತ್ತು.”

ಹದ್ದು ಮೇಲೆ ನೋಡಿ, “ಸುಳ್ಳು ಕೂಗುವವರು ಬಾಯಿ ಮುಚ್ಚಿ” ಎಂದಿತು.

“ನೀವೇ ಹಾಕಿಕೊಟ್ಟ ಪಾಠ, ಧಣಿ” ಎಂದು ಬಾತು ನಕ್ಕಿತು. ಕೂಗು ಇನ್ನಷ್ಟು ಏರಿತು.

ಕೊಕ್ಕರೆ ಕಣ್ಣು ಮುಚ್ಚಿ ದೇವರನ್ನು ನೆನೆದು ಕಿವಿಗೊಟ್ಟಿತು. ಅಷ್ಟು ಗದ್ದಲದ ಮಾಲೆಯಲ್ಲಿ ಒಂದು ಕಡೆ ಮಾತ್ರ ಹೂವುದುರಿ ದಾರ ಬರಿದಾದಂತೆ ಸದ್ದಿರಲಿಲ್ಲ. ಕಣ್ಣು ತೆರೆದು ಅತ್ತ ನೋಡಿತು. ಒಂದೊಂದು ಸುತ್ತಿಗೂ ಕೆಳಕ್ಕೆ ಜಾರುತ್ತ, ಸೋತ ರೆಕ್ಕೆಯನ್ನು ಬಡಿಯುತ್ತ, ಒಂದು ಪುಟ್ಟ ಗುಬ್ಬಿ. ಅದು ಕೂಗುತ್ತಿರಲಿಲ್ಲ. ಕೂಗುವುದಾದರೂ ಹೇಗೆ? ಬೇರು ಕೊಕ್ಕಿನಲ್ಲಿತ್ತು.

“ನೀನು ಇಳಿ, ತಾಯಿ” ಎಂದಿತು ಕೊಕ್ಕರೆ.

ಮರಿ ಉಳಿಯಿತು. ಹದ್ದು ಕೊಕ್ಕರೆಯ ಕಾಲಿಗೆ ಬಿದ್ದು ಅತ್ತಿತು. ಗುಬ್ಬಿಯ ಗುರುತು ಸಿಕ್ಕಿದ್ದು ಹೇಗೆಂದು ಮನೆಮನೆಗೆ ಹೋಗಿ ಹೇಳಿತು.

ಮರುದಿನ ಕೊಕ್ಕರೆ ಎಂದಿನಂತೆ ಸೂರ್ಯನಿಗೆ ತಲೆಬಾಗಿ ಮೇಲೆ ನೋಡಿತು. ಆಕಾಶ ಕನಸಿನಲ್ಲಿದ್ದಂತೆ ನಿಶ್ಶಬ್ದವಾಗಿತ್ತು. ಸುತ್ತುತ್ತಿದ್ದ ಪ್ರತಿಯೊಂದು ಹಕ್ಕಿಯ ಕೊಕ್ಕಿನಲ್ಲೂ ಒಂದೊಂದು ಬೇರು. ಎಲ್ಲಕ್ಕಿಂತ ಉದ್ದನೆಯದು ಹದ್ದಿನ ಕೊಕ್ಕಿನಲ್ಲಿತ್ತು.