ಅಲ್ಲಾಡದ ಆಟಗಾರ

ಬ್ಯಾಸ್ಕೆಟ್‌ಬಾಲ್ ಆಡುವ ಜಾಗದ ನಟ್ಟನಡುವೆ ಕಂಬ ನಿಲ್ಲಿಸುವ ಬುದ್ಧಿ ಯಾರಿಗೆ ಹೊಳೆಯಿತೋ, ಆ ಪುಣ್ಯಾತ್ಮ ಈಗ ಯಾರ ಕೈಗೂ ಸಿಗುವುದಿಲ್ಲ. ಕಾಲೇಜಿನ ಆಟದ ಹಾಲ್ ಇದ್ದದ್ದು ಗ್ರಂಥಾಲಯದ ಕೆಳಗೆ. ಮೇಲೆ ವಿಶ್ವಕೋಶಗಳ ಕಪಾಟುಗಳು, ಕೆಳಗೆ ಅವುಗಳ ಭಾರ ಹೊತ್ತ ಕಾಂಕ್ರೀಟ್ ಕಂಬ, ಕಂಬದ ಸುತ್ತ ಹಗ್ಗದಲ್ಲಿ ಬಿಗಿದ ಹಳೇ ಹಾಸಿಗೆ. ಕಂಬ ತೆಗೆಸಬಹುದೇ ಎಂದು ಕೋಚ್ ಕೇಳಿದಾಗ ಎಂಜಿನಿಯರು ತಲೆಯೆತ್ತಿ ಸೂರು ನೋಡಿ, "ತೆಗೀಬಹುದು. ಆಮೇಲೆ ಪುಸ್ತಕಗಳೂ ನಿಮ್ ಜೊತೆ ಆಡೋಕೆ ಕೆಳಗೆ ಬರ್ತವೆ" ಎಂದು ಹೇಳಿ ಹೊರಟುಹೋದರು. ಕಂಬ ಉಳಿಯಿತು.

ಹುಡುಗರೇನು, ಹೊಂದಿಕೊಂಡರು. ಕಂಬಕ್ಕೆ ತಾಗಿಸಿ ಚೆಂಡು ಪಾಸ್ ಮಾಡುವುದು, ಕಂಬದ ಮರೆಯಲ್ಲಿ ಅಡಗಿದ್ದು ಧುತ್ತೆಂದು ಎದುರಾಗುವುದು, ಸುಸ್ತಾದಾಗ ಕಂಬಕ್ಕೊರಗಿ ಉಸಿರು ಬಿಡುವುದು, ಎಲ್ಲವೂ ಅವರಿಗೆ ನೀರು ಕುಡಿದಷ್ಟು ಸಲೀಸು. ಹೊರಗಿನಿಂದ ಆಡಲು ಬಂದವರ ಪಾಡು ಮಾತ್ರ ದೇವರಿಗೇ ಪ್ರೀತಿ. ಹಿಂದಿನ ವರ್ಷ ಎದುರಾಳಿ ತಂಡದ ನಾಯಕನೊಬ್ಬ ಚೆಂಡನ್ನೇ ನೋಡುತ್ತ ಓಡಿ ಬಂದು, ಕಂಬವನ್ನು ಬಹುಕಾಲದ ಗೆಳೆಯನಂತೆ ತಬ್ಬಿಕೊಂಡು, ಮೂಗಿನ ಮೂಳೆ ಮುರಿದುಕೊಂಡ. ಪಂದ್ಯಾವಳಿ ನಡೆಸುವ ಲೀಗಿನವರು ಬಂದು ಕಂಬವನ್ನು ಸುತ್ತು ಹಾಕಿ ನೋಡಿ, ಇನ್ನು ಮುಂದೆ ಈ ಕಾಲೇಜಿನ ಪಂದ್ಯಗಳೆಲ್ಲ ಬೇರೆಯವರ ಅಂಗಳದಲ್ಲೇ ಎಂದು ತೀರ್ಪು ಕೊಟ್ಟರು.

ಗ್ರಹಚಾರ ಶುರುವಾದದ್ದು ಅಲ್ಲಿಂದ. ಈ ಸಲದ ಮೊದಲ ಪಂದ್ಯ ನಡೆದದ್ದು ಬೆಳಕು ತುಂಬಿದ, ಬಟಾಬಯಲಿನಂಥ ಹಾಲ್‌ನಲ್ಲಿ. ಅಲ್ಲಿ ಕಂಬವಿರಲಿಲ್ಲ. ಆದರೆ ಹುಡುಗರ ಕಾಲಿಗೆ ಅದು ಗೊತ್ತಾಗಬೇಕಲ್ಲ! ನಾಯಕ ಚೆಂಡು ಬಡಿಯುತ್ತ ನೆಟ್ಟಗೆ ಓಡಿ ಬಂದವನು, ನಡುವಿಗೆ ಬರುತ್ತಿದ್ದಂತೆ ಇಲ್ಲದ ಕಂಬಕ್ಕೆ ಮರ್ಯಾದೆ ಕೊಟ್ಟು ಬಳಸಿ ಹೋದ. ಅಷ್ಟರಲ್ಲಿ ಚೆಂಡು ಎದುರಾಳಿಯ ಕೈಯಲ್ಲಿತ್ತು. ಇನ್ನೊಬ್ಬ ಗಾಳಿಗೆ ತಾಗಿಸಿ ಪಾಸ್ ಮಾಡಿದ, ಅದು ಹೋಗಿ ಪ್ರೇಕ್ಷಕರ ಮಡಿಲು ಸೇರಿತು. ಮತ್ತೊಬ್ಬ ಸುಸ್ತಾಗಿ, ಕಣ್ಣು ಮುಚ್ಚಿ, ಹಾಯಾಗಿ ಹಿಂದಕ್ಕೆ ಒರಗಿದ. ಒರಗಿದವನು ಅಂಗಾತ ಬಿದ್ದ. ಸ್ಟ್ರೆಚರಿನಲ್ಲಿ ಎತ್ತಿಕೊಂಡು ಹೋಗುವಾಗಲೂ ಅವನು "ಕಂಬ ಎಲ್ಲೋಯ್ತು?" ಎಂದೇ ಕೇಳುತ್ತಿದ್ದ.

ಅವನ ಜಾಗ ತುಂಬಲು ಕೋಚ್ ಬೆಂಚಿನ ಕಡೆ ತಿರುಗಿದರು. ಬೆಂಚಿನಲ್ಲಿ ಉಳಿದಿದ್ದವನು ಸಾಧು ಒಬ್ಬನೇ. ಸಾಧು ಎಂಬುದು ಗೆಳೆಯರಿಟ್ಟ ಹೆಸರು. ಬಾಗಿಲಿಗೆ ತಲೆ ತಗುಲುವಷ್ಟು ಎತ್ತರ, ಎದುರಿಗೆ ಬಂದವರಿಗೆಲ್ಲ ತಾನೇ ದಾರಿ ಬಿಡುವಷ್ಟು ಮೆದು. ಕಾಲೇಜಿಗೆ ಸೇರಿದಾಗಿನಿಂದ ತಂಡದಲ್ಲಿದ್ದ, ಸೇರಿದಾಗಿನಿಂದ ನೀರಿನ ಬಾಟಲಿ ಕಾಯುತ್ತಿದ್ದ. ಇದು ಕೊನೆಯ ವರ್ಷ. ಗೆಲುವು, ಕಪ್, ಫೋಟೋ ಯಾವುದೂ ಅವನಿಗೆ ಬೇಕಿರಲಿಲ್ಲ. ಒಂದೇ ಒಂದು ಸಲ, ನಿಜವಾದ ಪಂದ್ಯದಲ್ಲಿ, ಚೆಂಡು ಹಿಡಿದು ಈ ತುದಿಯಿಂದ ಆ ತುದಿಗೆ ಓಡಬೇಕು. ಚೆಂಡು ಬುಟ್ಟಿಗೆ ಬೀಳದಿದ್ದರೂ ಪರವಾಗಿಲ್ಲ. ಇಷ್ಟು ಸಣ್ಣ ಆಸೆಯನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ ಅವನು ಯಾರಿಗೂ ಹೇಳಿರಲಿಲ್ಲ.

ಕರೆದದ್ದೇ ತಡ, ಎದ್ದು ಹೋದ. ಅಂಗಳದ ನಡುವಿನವರೆಗೆ ಹೋದದ್ದೂ ಹೌದು. ಅಲ್ಲಿ ಅಷ್ಟೂ ಜನರ ಕಣ್ಣು ತನ್ನ ಮೇಲಿರುವುದು ಕಂಡದ್ದೇ ಕಾಲು ನೆಲಕ್ಕೆ ಅಂಟಿಕೊಂಡವು. ಪಾಪದ ಹುಡುಗ, ಹೋಗಿ ಹೋಗಿ ನಿಂತದ್ದು ಕಂಬ ಇರಬೇಕಾಗಿದ್ದ ಜಾಗದಲ್ಲೇ.

ನಾಯಕ ಓಡಿ ಬಂದ, ಅಭ್ಯಾಸಬಲದಿಂದ ಬಳಸಿದ, ಈ ಸಲ ಬಳಸಲು ಏನೋ ಇತ್ತು. ಅವನ ಮುಖ ಅರಳಿತು. ಚೆಂಡು ಸಾಧುವಿನ ಬೆನ್ನಿಗೆ ತಾಗಿ ಸರಿಯಾದ ಕೈ ಸೇರಿತು, ಅಲ್ಲಿಂದ ಬುಟ್ಟಿ ಸೇರಿತು. ಎದುರಾಳಿಯೊಬ್ಬ ಅಡ್ಡಗಟ್ಟಲು ಬಂದು ಸಾಧುವಿಗೆ ಧಡಾರನೆ ಗುದ್ದಿ ನೆಲದ ಮೇಲೆ ಕೂತ. ರೆಫರಿ ಸೀಟಿ ಊದಿದರು. ಸಾಧು ಗಾಬರಿಯಿಂದ "ಸಾರಿ ಸರ್" ಎಂದ.

"ನಿಂದಲ್ಲಪ್ಪ ತಪ್ಪು," ಎಂದರು ರೆಫರಿ. "ನೀನು ನಿನ್ ಪಾಡಿಗೆ ನಿಂತಿದ್ದೆ. ನಿಂತವನಿಗೆ ಬಂದು ಗುದ್ದಿದವಂದೇ ತಪ್ಪು."

ಅಷ್ಟು ಹೊತ್ತಿಗೆ ಸಾಧುವಿಗೆ ಧೈರ್ಯ ಬಂದಿತ್ತು. ಓಡೋಣವೆಂದು ಬಲಗಾಲು ಎತ್ತಿದ.

"ಏಯ್! ಅಲ್ಲಾಡಬೇಡ!" ಎಂದು ಕೋಚ್ ಗಂಟಲು ಹರಿದುಕೊಂಡರು. "ಕಾಲು ಕೆಳಗಿಡೋ! ಹಾಂ, ಅಲ್ಲೇ. ಬಂಗಾರದಂಥ ಹುಡುಗ ನೀನು, ಅಲ್ಲೇ ಇರು!"

ಹುಟ್ಟಿದಾಗಿನಿಂದ ಯಾರೂ ಅವನನ್ನು ಹಾಗೆ ಕರೆದಿರಲಿಲ್ಲ. ಸಾಧು ಕಾಲು ಕೆಳಗಿಟ್ಟ. ತಂಡ ಗೆದ್ದಿತು.

ಗೆಲುವಿನ ಮುಖ ಕಂಡು ವರ್ಷಗಳೇ ಆಗಿದ್ದ ಕೋಚ್‌ಗೆ ಇನ್ನೇನು ಬೇಕು? ನಿಲ್ಲುವುದನ್ನೇ ಒಂದು ವಿದ್ಯೆಯೆಂಬಂತೆ ಕಲಿಸತೊಡಗಿದರು. ಸೀನು ಬಂದರೆ ನುಂಗಬೇಕು. ಮೂಗು ತುರಿಸಿದರೆ ನಾಯಕನಿಗೆ ಕಣ್ಸನ್ನೆ ಮಾಡಬೇಕು, ಅವನು ಓಡುತ್ತಲೇ ಬಂದು ತುರಿಸಿ ಹೋಗುತ್ತಾನೆ. ಹುಡುಗರೂ ಸಲಿಗೆ ಬೆಳೆಸಿಕೊಂಡರು. ಸಾಧುವಿನ ಭುಜಕ್ಕೆ ಟವೆಲ್ ನೇತುಹಾಕಿದರು, ಅವನ ಮಂಡಿಗೆ ಕಾಲೊತ್ತಿ ಶೂ ಲೇಸ್ ಕಟ್ಟಿಕೊಂಡರು, ಉಸಿರು ಕಟ್ಟಿದಾಗ ಅವನಿಗೇ ಒರಗಿದರು. ತಂಡ ಒಂದರ ಮೇಲೊಂದು ಪಂದ್ಯ ಗೆಲ್ಲುತ್ತ ಹೋಯಿತು.

"ಸರ್, ಅಭ್ಯಾಸದಲ್ಲಾದ್ರೂ ಸ್ವಲ್ಪ ಓಡ್ಲಾ?" ಎಂದು ಒಂದು ದಿನ ಸಾಧು ಕೇಳಿದ.

ಕೋಚ್‌ಗೆ ನಿಜಕ್ಕೂ ಅರ್ಥವಾಗಲಿಲ್ಲ. "ಅಭ್ಯಾಸಕ್ಕೆ ನೀನ್ಯಾಕೋ? ಇಲ್ಲಿ ನಿನ್ ಕೆಲಸ ಕಂಬ ಮಾಡ್ತಿದೆಯಲ್ಲ. ಹೋಗಿ ಕೂತ್ಕೋ."

ಹೀಗೆ ತಂಡದ ಮುಖ್ಯ ಆಟಗಾರ ಸಂಜೆಯಿಡೀ ಬೆಂಚಿನ ಮೇಲೆ ಕೂತು, ತನ್ನ ಕೆಲಸವನ್ನು ಕಂಬ ಹೇಗೆ ಮಾಡುತ್ತದೆಂದು ನೋಡುತ್ತಿದ್ದ. ಕಂಬ ತನಗಿಂತ ಚೆನ್ನಾಗಿ ನಿಲ್ಲುತ್ತದೆ ಎಂದು ಅವನಿಗೆ ಒಳಗೊಳಗೇ ಅನಿಸುತ್ತಿತ್ತು. ಅದಕ್ಕೆ ಓಡುವ ಆಸೆ ಇರಲಿಲ್ಲ.

ಮನೆಯಲ್ಲಾದರೂ ಹೇಳಿಕೊಳ್ಳೋಣವೆಂದರೆ ಅಮ್ಮನದು ಬೇರೆಯೇ ಲೋಕ. ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವಳು. ದಿನವಿಡೀ ಹೊಸಬರ ಪಕ್ಕ ಕೂತು, ತನ್ನ ಕಡೆಗಿರುವ ಇನ್ನೊಂದು ಬ್ರೇಕಿನ ಮೇಲೆ ಕಾಲಿಟ್ಟುಕೊಂಡು, ಜೀವ ಕೈಯಲ್ಲಿ ಹಿಡಿದು ಊರು ಸುತ್ತುವ ಕೆಲಸ. ಮಗ ಗಬಗಬ ತಿನ್ನುವುದು ಕಂಡರೂ ಊಟದ ಮೇಜಿನ ಕೆಳಗೆ ಅವಳ ಬಲಗಾಲು ನೆಲವನ್ನು ಒತ್ತುತ್ತಿತ್ತು. ಮಗ ಅಂಗಳದ ನಡುವೆ ನಿಂತದ್ದನ್ನು ಮೊದಲ ಸಲ ನೋಡಿದಾಗ ಅವಳಿಗೆ ಜನ್ಮ ಸಾರ್ಥಕವಾಯಿತು.

"ಓಡ್ಸೋದು ಯಾರು ಬೇಕಾದ್ರೂ ಓಡಿಸ್ತಾರೆ," ಎನ್ನುತ್ತಿದ್ದಳು. "ನಿಲ್ಸೋದು ಬರಲ್ಲ ಒಬ್ಬರಿಗೂ. ನನ್ ಮಗನ್ ನೋಡಿ ಕಲೀಲಿ."

"ಅಮ್ಮಾ, ನಂಗೆ..."

"ಏನೋ ಮಗು?"

ಅವಳ ಮುಖದಲ್ಲಿ ಎಷ್ಟು ಸಂತೋಷವಿತ್ತೆಂದರೆ ಸಾಧು ಮಾತು ಬದಲಿಸಿದ. "ಏನಿಲ್ಲ. ನೀರು ಕೊಡು."

ಅತ್ತ ಸೋತ ತಂಡಗಳು ಹುಯಿಲೆಬ್ಬಿಸಿದವು. ಇದೇನು ಆಟವೋ ಗೊಂಬೆ ಕೂರಿಸುವುದೋ ಎಂದು ಜಗಳಕ್ಕೆ ಬಂದವು. ಲೀಗಿನವರು ನಿಯಮಗಳನ್ನೆಲ್ಲ ಜಾಲಾಡಿದರು. ಚೆಂಡು ಹಿಡಿದವನು ಹೇಗೆ ಓಡಬೇಕು, ಹೇಗೆ ಓಡಬಾರದು ಎಂದೆಲ್ಲ ಇತ್ತೇ ಹೊರತು, ಚೆಂಡಿಲ್ಲದವನು ಓಡಲೇಬೇಕು ಎಂದು ಯಾರೂ ಬರೆದಿರಲಿಲ್ಲ. ಸರಿ, ಇನ್ನೇನು, ಎಲ್ಲ ಕಾಲೇಜುಗಳೂ ಒಬ್ಬೊಬ್ಬನನ್ನು ನಿಲ್ಲಿಸತೊಡಗಿದವು. ಒಂದು ಕಾಲೇಜು ಅತಿಯಾಸೆಗೆ ಬಿದ್ದು ಇಬ್ಬರನ್ನು ನಿಲ್ಲಿಸಿತು, ಆಡಲು ಜನ ಸಾಲದೆ ಸೋತಿತು. ಇನ್ನೊಂದು ಕಾಲೇಜಿನ ನಿಂತ ಹುಡುಗ ನಿಂತಲ್ಲೇ ನಿದ್ದೆ ಹೋದ. ಪಂದ್ಯ ಮುಗಿದು ಎಲ್ಲರೂ ಬಸ್ ಹತ್ತಿದ ಮೇಲೆ ನೆನಪಾಗಿ ವಾಪಸ್ ಬಂದು ಎತ್ತಿಕೊಂಡು ಹೋದರು. ಅಷ್ಟಾದರೂ ಸಾಧುವಿನಂತೆ ನಿಲ್ಲುವವರು ಇಡೀ ಲೀಗಿನಲ್ಲಿ ಇನ್ನೊಬ್ಬರಿಲ್ಲ ಎಂದು ಜನ ಹೊಗಳುತ್ತಿದ್ದರು. ಹೊಗಳಿಕೆ ಕೇಳಿದಾಗಲೆಲ್ಲ ಅವನು ತಲೆ ತಗ್ಗಿಸಿ ತನ್ನ ಕಾಲು ನೋಡಿಕೊಳ್ಳುತ್ತಿದ್ದ.

ಫೈನಲ್‌ನ ದಿನ ಬೆಳಿಗ್ಗೆ ಅವನು ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟು ಮಾಡಿ ಕೋಚ್ ಎದುರು ನಿಂತ. "ಸರ್, ಇವತ್ತು ಒಂದ್ಸಲ ಓಡ್ಲಾ?"

"ಫೈನಲ್ ಗೆದ್ದ ಮೇಲೆ ಎಲ್ಲಿಗ್ ಬೇಕಾದ್ರೂ ಓಡು. ಯಾರು ಬೇಡ ಅಂತಾರೆ?"

"ಫೈನಲ್ ಆದ್ಮೇಲೆ ಪಂದ್ಯಾನೇ ಇರಲ್ವಲ್ಲ ಸರ್."

"ಅದೇ ಮತ್ತೆ! ಅಡ್ಡಿ ಮಾಡೋರು ಯಾರೂ ಇರಲ್ಲ. ಆರಾಮಾಗಿ ಓಡು," ಎಂದು ಬೆನ್ನು ತಟ್ಟಿದರು ಕೋಚ್. ಅವರು ತಮಾಷೆ ಮಾಡುತ್ತಿರಲಿಲ್ಲ, ಅದೇ ದುಃಖ.

ಫೈನಲ್‌ನಲ್ಲಿ ಎದುರಾಳಿಗಳೂ ಒಬ್ಬನನ್ನು ತಂದಿದ್ದರು. ಅಗಲ ಕಿವಿಯ, ಸಣಕಲು ಹುಡುಗ. ಆಟ ಶುರುವಾದ ಕೂಡಲೇ ಅವನು ಬಂದು ಸಾಧುವಿನ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತ. ಸುತ್ತಲೂ ಉಳಿದವರು ಓಡುತ್ತಿದ್ದರು, ಕೂಗುತ್ತಿದ್ದರು, ಬೀಳುತ್ತಿದ್ದರು. ಇವರಿಬ್ಬರು ಮಾತ್ರ ಬಸ್ಸಿಗೆ ಕಾಯುವವರ ಹಾಗೆ ನಿಂತಿದ್ದರು.

"ನಿನ್ನ ನೋಡೇ ನನ್ನ ನಿಲ್ಸಿದ್ದು," ಎಂದ ಅಗಲ ಕಿವಿಯವನು, ತುಟಿ ಅಲ್ಲಾಡಿಸದೆ.

"ಸಾರಿ," ಎಂದ ಸಾಧು.

"ನಮ್ ಟೀಮಲ್ಲಿ ನನ್ನಷ್ಟು ಜೋರಾಗಿ ಓಡೋರು ಯಾರೂ ಇರ್ಲಿಲ್ಲ ಗೊತ್ತಾ? ಒಂದಿನ ಕೋಚ್ ಬೈದ್ರು ಅಂತ ಪೆಚ್ಚಾಗಿ ನಿಂತೆ. 'ಆಹಾ, ಎಷ್ಟ್ ಚೆನ್ನಾಗಿ ನಿಲ್ತಾನೆ' ಅಂದ್ಬಿಟ್ರು. ಮುಗೀತು ಕಥೆ."

ಇಬ್ಬರೂ ನಕ್ಕರು. ನಗು ಹೊರಗೆ ಕಾಣಬಾರದೆಂದು ಹೊಟ್ಟೆಯಲ್ಲೇ ನಕ್ಕರು.

"ಓಡೋವಾಗ ಹೇಗಿರುತ್ತೆ?" ಎಂದ ಸಾಧು.

"ನೀನು ಓಡೇ ಇಲ್ವಾ?"

"ಬಸ್ ಹಿಡಿಯೋಕೆ ಓಡಿದೀನಿ."

"ಅಯ್ಯೋ, ಅದಲ್ಲ ಕಣೋ. ಕೈಯಲ್ಲಿ ಚೆಂಡಿರುತ್ತೆ, ಎಲ್ರೂ ನಿನ್ ಹಿಂದೆ ಬಿದ್ದಿರ್ತಾರೆ, ಒಬ್ಬರಿಗೂ ನೀನು ಸಿಕ್ಕಲ್ಲ. ಹೇಗಿರುತ್ತೆ ಅಂದ್ರೆ... ಹೇಳಕ್ಕಾಗಲ್ಲ."

ಆಗ ಸಾಧು ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಆ ಅಪರಿಚಿತನಿಗೆ ಹೇಳಿಬಿಟ್ಟ. ನಡುವೆ ಎರಡು ಸಲ ಚೆಂಡು ಬಂದು ಅವನ ಬೆನ್ನಿಗೆ ಬಡಿದು ಹೋಯಿತು. ಅಗಲ ಕಿವಿಯವನು ಪೂರ್ತಿ ಕೇಳಿಸಿಕೊಂಡ.

"ಹಾಗಾದ್ರೆ ಓಡೋಣ," ಎಂದ. "ಇಬ್ರೂ ಒಟ್ಟಿಗೆ ಹೋದ್ರೆ ಎರಡೂ ಕಡೆ ಸಮ, ಯಾರಿಗೂ ಮೋಸ ಇಲ್ಲ. ಚೆಂಡು ನಮ್ಮಿಬ್ರ ಮಧ್ಯೆ ಬಿದ್ದ ತಕ್ಷಣ ನೀನು ಎತ್ಕೊಂಡು ಓಡು, ನಾನು ಅಟ್ಟಿಸ್ಕೊಂಡು ಬರ್ತೀನಿ. ನೀನು ಎತ್ಕೊಳ್ಳಿಲ್ಲ ಅಂದ್ರೆ ನಾನು ಎತ್ಕೊಂಡು ಓಡ್ತೀನಿ, ನೀನು ಹಿಂದೆ ಬರ್ಬೇಕು. ಮಾತು ಕೊಡು."

"ಮಾತು," ಎಂದ ಸಾಧು. ಅವನ ಜೀವಮಾನದಲ್ಲೇ ಅಷ್ಟು ಖುಷಿಯಾದದ್ದಿಲ್ಲ.

ಚೆಂಡು ಮಾತ್ರ ಬರಲೊಲ್ಲದು. ಆಟ ಮುಗಿಯುತ್ತ ಬಂತು, ಎರಡೂ ತಂಡಗಳ ಅಂಕ ಸಮಸಮ, ಹಾಲ್‌ನಲ್ಲಿ ಕಿವಿಗಡಚಿಕ್ಕುವ ಗದ್ದಲ. ಆಗ ಯಾರದೋ ಕೈಯಿಂದ ಜಾರಿದ ಚೆಂಡು ಪುಟಿಯುತ್ತ ಬಂದು, ಸಾಧುವಿನ ಹೊಟ್ಟೆಗೆ ಮೆತ್ತಗೆ ತಾಗಿ, ಇಬ್ಬರ ನಡುವೆ ಬಿತ್ತು.

"ಈಗ!" ಎಂದ ಅಗಲ ಕಿವಿಯವನು.

ಕೈ ಚಾಚಿದರೆ ಸಿಗುತ್ತಿತ್ತು. ಸಾಧುವಿಗೆ ಚೆಂಡಿನ ಮೇಲಿನ ಗೀರುಗಳೂ ಕಂಡವು. ಅವನು ಕೋಚ್‌ಗೆ ಹೆದರಲಿಲ್ಲ, ಕಪ್ ನೆನೆಯಲಿಲ್ಲ, ಅಮ್ಮನ ಕಡೆಗೂ ನೋಡಲಿಲ್ಲ. ಓಡಬೇಕೆಂದೇ ಇದ್ದ, ಮನಸ್ಸು ಆಗಲೇ ಅರ್ಧ ದಾರಿ ಓಡಿಯೂ ಇತ್ತು. ಕಾಲು ಏಳಲಿಲ್ಲ. ಅಷ್ಟೇ. ಇಡೀ ಸೀಸನ್ನು ಕಲಿತದ್ದು ಕಾಲಿಗೆ ಚೆನ್ನಾಗಿ ಬಂದಿತ್ತು.

ಅಗಲ ಕಿವಿಯವನು ಒಂದು ಗಳಿಗೆ ಕಾದ. ಆಮೇಲೆ ಬಗ್ಗಿ ಚೆಂಡು ಹಿಡಿದು, ನೆಲಕ್ಕೆ ಬಡಿಯುತ್ತ ಓಡಿದ. ಏನು ಓಟ ಅದು! ಅವನಿಗೆ ಒರಗಿ ನಿಂತಿದ್ದ ಅವನ ತಂಡದವನೇ ದೊಪ್ಪನೆ ಬಿದ್ದ, ಅವನ ಮೇಲೆ ಇನ್ನೊಬ್ಬ ಎಡವಿ ಬಿದ್ದ. ಓಡುತ್ತಿದ್ದವನಿಗೆ ಅದಾವುದೂ ಬೇಕಿರಲಿಲ್ಲ. ಬುಟ್ಟಿ ಬಂತು, ನಿಲ್ಲಲಿಲ್ಲ. ಗೆರೆ ಬಂತು, ದಾಟಿದ. ಬಾಗಿಲು ಬಂತು, ಅದನ್ನೂ ದಾಟಿ ಚೆಂಡಿನ ಸಮೇತ ಹೊರಗೆ ಹೋಗಿಬಿಟ್ಟ.

ರೆಫರಿ ಸೀಟಿ ಊದಿದರು. ಬೇರೆ ಚೆಂಡು ತಂದು ಸಾಧುವಿನ ತಂಡಕ್ಕೆ ಕೊಟ್ಟರು. ನಾಯಕ ಓಡಿ ಬಂದ, ಸಾಧುವನ್ನು ಬಳಸಿದ, ಚೆಂಡನ್ನು ಬುಟ್ಟಿಗೆ ಹಾಕಿದ. ಆಟ ಮುಗಿಯಿತು. ಕಪ್ ಇವರದಾಯಿತು.

ಹುಡುಗರು ನುಗ್ಗಿ ಬಂದು ಸಾಧುವನ್ನು ಭುಜದ ಮೇಲೆ ಎತ್ತಿಕೊಂಡರು. ಕೋಚ್ ಎಲ್ಲರನ್ನೂ ತಬ್ಬಿಕೊಂಡು ಅಳುತ್ತಿದ್ದರು. ಅಮ್ಮ ತನ್ನ ಡ್ರೈವಿಂಗ್ ಶಿಷ್ಯರನ್ನೆಲ್ಲ ಎಳೆದುಕೊಂಡು ಬಂದು, "ನೋಡಿದ್ರಾ? ಚೆಂಡು ಹೊಟ್ಟೆಗೇ ಬಂದ್ರೂ ಒಂದಿಂಚು ಅಲ್ಲಾಡ್ಲಿಲ್ಲ ನನ್ ಮಗ!" ಎಂದು ಕೂಗುತ್ತಿದ್ದಳು.

ಅಗಲ ಕಿವಿಯವನು ಬಾಗಿಲಿನಿಂದ ಒಳಗೆ ಬಂದ. ಚೆಂಡು ಕಂಕುಳಲ್ಲಿತ್ತು. ಬೆವರಿ ತೊಪ್ಪೆಯಾಗಿದ್ದ, ಏದುಸಿರು ಬಿಡುತ್ತಿದ್ದ, ಅವನ ಕೋಚ್ ಪಕ್ಕದಲ್ಲೇ ನಡೆಯುತ್ತ ಬಾಯಿಗೆ ಬಂದಂತೆ ಬೈಯುತ್ತಿದ್ದರೂ ಮುಖ ಮಾತ್ರ ಬೆಳಗುತ್ತಿತ್ತು. ಜನರ ನಡುವೆ ದಾರಿ ಮಾಡಿಕೊಂಡು ಬಂದು, ತಲೆಯೆತ್ತಿ ಸಾಧುವನ್ನು ನೋಡಿದ. ಕೋಪವೇನೂ ಇರಲಿಲ್ಲ ಅವನಿಗೆ.

"ಯಾಕೋ ಬರ್ಲಿಲ್ಲ?" ಎಂದ. "ಗೇಟ್‌ವರೆಗೂ ನೀನು ಹಿಂದೆ ಬರ್ತಿದೀಯ ಅಂತಾನೇ ಓಡಿದೆ."

ಸಾಧು ಭುಜಗಳ ಮೇಲೆ ಕೂತೇ ಬಿಕ್ಕಿ ಬಿಕ್ಕಿ ಅತ್ತ. "ಖುಷಿಗೆ ಅಳ್ತಿದಾನೆ ನೋಡ್ರೋ!" ಎಂದು ನಾಯಕ ಕೂಗಿದ. ಎಲ್ಲರೂ ಸೇರಿ ಅವನನ್ನು ಇನ್ನಷ್ಟು ಮೇಲಕ್ಕೆತ್ತಿ, ಕಾಲು ಗಟ್ಟಿಯಾಗಿ ಹಿಡಿದುಕೊಂಡರು.