ಮೂವತ್ತೊಂಬತ್ತು ತಲೆ

ಗಿಲ್ಬರ್ಟ್ ಮಕ್ರೇ ಲಂಡನ್ನಿನ ಪಾರ್ಲಿಮೆಂಟಿಗೆ ಸದಸ್ಯನಾಗಿ ಬಂದು ಹನ್ನೊಂದು ವರ್ಷವಾಗಿತ್ತು. ಅಷ್ಟೂ ವರ್ಷ ಅವನು ಗೋಗರೆದದ್ದು ಒಂದಕ್ಕೇ: ಸ್ಕಾಟ್ಲೆಂಡಿನ ಉತ್ತರ ತುದಿಯ ತನ್ನ ಸ್ಕಾರ್ವಿಕ್ ಊರಿಗೆ ಅಲೆ ತಡೆಯುವ ಒಂದು ಕಲ್ಲುಗೋಡೆ. ಅದಿಲ್ಲದೆ ಮೀನುದೋಣಿಗಳು ಊರವರ ಕಣ್ಣೆದುರೇ ಬಂಡೆಗೆ ಬಡಿದು ಚೂರಾಗುತ್ತಿದ್ದವು.

ಮಸೂದೆ ಮಂಡಿಸುವ ಸರದಿಗೆ ಅಲ್ಲಿ ಚೀಟಿ ಎತ್ತುತ್ತಾರೆ. ಈ ಸಲ ಅಂತೂ ಅವನ ಹೆಸರು ಬಂತು. ಬಂತು ಅಂದರೆ ಏನು ಬಂತು, ಮಣ್ಣು! ಮಂಗಳವಾರ ಸಂಜೆ, ಸರಿಯಾಗಿ ಊಟಕ್ಕೆಂದು ಸಭೆ ಖಾಲಿಯಾಗುವ ಹೊತ್ತಿಗೆ.

ಮೇಲಿನ ಪ್ರೇಕ್ಷಕರ ಸಾಲಿನಲ್ಲಿ ಮುದುಕ ಆಡಮ್ ಸ್ವಾನ್ಸನ್ ಕೂತಿದ್ದ. ಇಬ್ಬರು ಗಂಡುಮಕ್ಕಳನ್ನು ಆ ಬಂಡೆಗಳಿಗೆ ಕಳೆದುಕೊಂಡವನು. ಉಳಿದವನೊಬ್ಬ ಜೇಮಿ. ಅವನೂ ಕಡಲಿಗೇ ಇಳಿಯುತ್ತಿದ್ದ.

ಮಕ್ರೇ ಮಾತು ಶುರುಮಾಡಿ ಇನ್ನೂ ಗಂಟಲು ಸರಿಹೋಗಿರಲಿಲ್ಲ. ಎದುರು ಸಾಲಿನವನೊಬ್ಬ ಎದ್ದ.

"ಅಧ್ಯಕ್ಷರೇ, ಸಭೇಲಿ ನಲವತ್ತು ಜನ ಇದ್ದಾರಾ ನೋಡಿ."

ನಲವತ್ತಿಲ್ಲದಿದ್ದರೆ ಸಭೆ ಮುಗಿದಂತೆ, ಮಸೂದೆಯೂ ಸತ್ತಂತೆ. ಮೇಜಿನ ಮೇಲಿನ ಮರಳುಗಡಿಯಾರ ತಿರುಗಿಸಿದರು. ಎರಡು ನಿಮಿಷದ ಮರಳು. ಹೊರಗೆಲ್ಲ ಸದಸ್ಯರನ್ನು ಕರೆಯುವ ಗಂಟೆ ಮೊಳಗತೊಡಗಿತು. ಮಕ್ರೇ ಸುತ್ತ ಕಣ್ಣಾಡಿಸಿದ. ನಾಲ್ಕೈದು ತಲೆ ಕಮ್ಮಿ. ಬಿದ್ದಂಬೀಳ ಊಟದ ಮನೆಗೆ ಓಡಿದ.

"ಓಗಿಲ್ವಿ, ಏಳೋ! ತಲೆ ಎಣಿಸ್ತಾ ಇದ್ದಾರೆ!"

ಗೆಳೆಯ ಓಗಿಲ್ವಿ ಬಾಯಲ್ಲಿದ್ದ ಕುರಿಮಾಂಸ ಅಗಿಯುತ್ತಲೇ ನಕ್ಕ. "ನಿನ್ ಗೋಡೆ ಎಲ್ಲಿಗೂ ಓಡ್ಹೋಗಲ್ಲ ಕಣೋ, ಕೂತ್ಕೋ."

"ಇಲ್ಲದಿರೋ ಗೋಡೆ ಎಲ್ಲಿಗೆ ಓಡುತ್ತೋ, ಕತ್ತೆ! ನಿನ್ ಕಾಲಿಗೆ ಬೀಳ್ತೀನಿ, ಏಳು!"

ಓಗಿಲ್ವಿ ಎದ್ದ, ಬಾಯಿ ಒರೆಸಿಕೊಂಡ, ಕೋಟಿನ ಗುಂಡಿ ಹಾಕಿಕೊಂಡ. ಅಯ್ಯೋ, ಆ ಹಾಳು ಗುಂಡಿ! ಇಬ್ಬರೂ ಬಾಗಿಲಿಗೆ ಬರುವಷ್ಟರಲ್ಲಿ ಅಧ್ಯಕ್ಷರು ಎಣಿಸಿ ಮುಗಿಸಿ ಕುರ್ಚಿ ಬಿಟ್ಟು ಇಳಿದಿದ್ದರು. ಒಳಗಿದ್ದವರು ಹರಟುತ್ತ ಹೊರಗೆ ಬರುತ್ತಿದ್ದರು.

ಮೆಟ್ಟಿಲ ಬುಡದಲ್ಲಿ ಆಡಮ್ ಟೋಪಿ ಹಿಡಿದು ನಿಂತಿದ್ದ.

"ಎಷ್ಟಾಯ್ತು?" ಮಕ್ರೇ ಕೇಳಿದ.

"ಮೂವತ್ತೊಂಬತ್ತು ಸ್ವಾಮಿ. ಗಂಟೆ ಕೇಳಿ ಆ ಕಡೆ ಬಾಗಿಲಿಂದ ಒಂದಿಷ್ಟು ಜನ ಬಂದ್ರು. ಅಧ್ಯಕ್ಷರು ಎಣಿಸೋ ಮುಂಚೆ ನಾನೂ ಎಣಿಸ್ದೆ. ದಿನಾ ಸಂಜೆ ದಡದಲ್ಲಿ ನಿಂತು ದೋಣಿ ಎಣಿಸೋನಲ್ವಾ ನಾನು, ಲೆಕ್ಕ ತಪ್ಪಲ್ಲ. ನೀವು ಒಳಗೇ ಇದ್ದಿದ್ರೆ ನಲವತ್ತಾಗ್ತಿತ್ತು."

ಬೈದಿದ್ದರೆ ಚೆನ್ನಾಗಿತ್ತು. ಮುದುಕ ಬೈಯಲಿಲ್ಲ. ಮಕ್ರೇಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಮುಂದಿನ ವರ್ಷ ಮತ್ತೆ ಚೀಟಿ ಹಾಕ್ತೀನಿ ಆಡಮ್."

"ಹಾಕಿ ಸ್ವಾಮಿ."

"ಜೇಮಿ... ಈ ಚಳಿಗಾಲ ಅವನನ್ನ ಮನೇಲೇ ಇರಿಸ್ಕೊ."

"ಮನೇಲಿದ್ದು ಏನ್ ತಿಂತಾನೆ?" ಆಡಮ್ ಟೋಪಿ ಹಾಕಿಕೊಂಡ. "ಅವನು ಹೋಗ್ತಾನೆ. ನಾನು ಮಾತ್ರ ಇನ್ಮೇಲೆ ಎಣಿಸೋಕೆ ದಡಕ್ಕೆ ಹೋಗಲ್ಲ."